ತಳ ಹಾಕುವಾಗಿನ ಮಾತು

ಸುಳ್ಳು ಹೇಳಿದವಳು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ. ಮದ್ದೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕನ್ನಡ ಪಾಠ ಮಾಡುವವಳು, ಮಕ್ಕಳ ಕಾಗುಣಿತಕ್ಕೆ ಕೆಂಪು ಮಸಿ ಸುರಿಯುವವಳು, ಹೆತ್ತವ್ವನ ಆರು ನಿಮಿಷದ ಮಾತಿಗೆ ಮನಸ್ಸಿಗೆ ತೋಚಿದ ಅರ್ಥ ಬರೆದುಕೊಟ್ಟೆ.

ಅವ್ವ ಮರಿತಾಯಮ್ಮ ಹಲಗೂರಿನಲ್ಲಿ ಬಿದಿರಿನ ಮೊರ, ಕುಕ್ಕೆ ಹೆಣೆಯುತ್ತಿದ್ದಳು. ಹೆಣೆಯುವವರ ನಾಲ್ಕಾರು ಮನೆಗಳಲ್ಲಿ ಕನ್ನಡವಲ್ಲದ ಇನ್ನೊಂದು ಮಾತಿತ್ತು. ಅದಕ್ಕೆ ಹೆಸರಿಲ್ಲ, ಅಕ್ಷರವಿಲ್ಲ, 'ನಮ್ ಮಾತು' ಅಷ್ಟೆ. ಕುಕ್ಕೆಯ ತಳ ಹಾಕುವಾಗ ಆ ಮಾತು ಬಿಟ್ಟು ಬೇರೆ ಆಡಬಾರದೆಂಬ ಕಟ್ಟಳೆ. ತಳ ಮುಗಿದು ಮೇಲಕ್ಕೆ ಹೆಣೆಯತೊಡಗಿದ ಮೇಲೆ ಕನ್ನಡ ಆಡಬಹುದು.

ನಾನು ಮಳವಳ್ಳಿಯ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಅವ್ವ ಒಮ್ಮೆ ನೋಡಲು ಬಂದು ಗೇಟಿನಿಂದಲೇ 'ಕುಂಜಿ' ಎಂದು ಕೂಗಿದಳು. ನಮ್ಮ ಮಾತಿನಲ್ಲಿ ಅದು ಮನೆಯವರು ನನ್ನನ್ನು ಕರೆಯುವ ಹೆಸರು. ಹುಡುಗಿಯರು ವರ್ಷಪೂರ್ತಿ ಕುಂಜಿ ಕುಂಜಿ ಎಂದು ಆಡಿಕೊಂಡರು. ರಜೆಗೆ ಬಂದವಳೇ ರಂಪ ಮಾಡಿ, ಇನ್ನು ಮೇಲೆ ನನ್ನೆದುರು ಆ ಮಾತು ಆಡಕೂಡದು ಎಂದೆ. ಅವ್ವ ಆಡಲಿಲ್ಲ. ನಾನು ಪಕ್ಕದಲ್ಲಿದ್ದರೆ ಬಾಯಿ ಮುಚ್ಚಿಕೊಂಡೇ ತಳ ಹಾಕುತ್ತಿದ್ದಳು. ಗೆದ್ದೆ ಅಂದುಕೊಂಡಿದ್ದೆ, ಮೂರ್ಖಳು.

ಅಪ್ಪ ಹೋದ, ಚಿಕ್ಕವ್ವ ಹೋದಳು, ಉಳಿದ ಮನೆಗಳ ಹಿರಿಯರೂ ಹೋದರು, ಅವ್ವನ ಮಾತಿಗೆ ಉತ್ತರ ಕೊಡುವವರು ಯಾರೂ ಉಳಿಯಲಿಲ್ಲ. ಆಗ ಮೈಸೂರಿನಿಂದ ಸುದರ್ಶನ್ ಬಂದ, ಅಳಿಯುತ್ತಿರುವ ಭಾಷೆಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವವನು. ನಿಮಗೂ ಈ ಮಾತು ಬರುತ್ತದಲ್ಲವೇ ಮೇಡಂ ಎಂದು ಕೇಳಿದ. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದೆಲ್ಲ ಎಂದೋ ಮರೆತಿದ್ದೆ, ಆದರೂ ಭಾಷೆಯ ಮೇಡಮ್ಮಾಗಿ ಇಲ್ಲ ಎನ್ನಲು ನಾಚಿಕೆಯಾಯಿತು. ಬರುತ್ತದೆ ಎಂದೆ.

ಶೂಟಿಂಗಿನ ದಿನ ನನ್ನನ್ನು ಅವ್ವನ ಎದುರಿಗೇ ಕೂರಿಸಿದ. ಅವ್ವ ಬಿದಿರಿನ ಸೀಳುಗಳನ್ನು ಅಡ್ಡಡ್ಡ ಹರಡಿಕೊಂಡು ನನ್ನ ಮುಖ ನೋಡಿದಳು. ಆಮೇಲೆ ಮಾತಾಡತೊಡಗಿದಳು. ಸುಮಾರು ನಲವತ್ತು ವರ್ಷದ ಮೇಲೆ ನನ್ನೊಡನೆ ಆ ಮಾತು. ಎಲ್ಲ ತಿಳಿದವಳಂತೆ ತಲೆಯಾಡಿಸುತ್ತಾ ಕೂತೆ. ತಳ ಮುಗಿದಾಗ ಅವಳ ಕಣ್ಣು ತುಂಬಿತ್ತು. ನನ್ನ ಉತ್ತರಕ್ಕೆ ಕಾದಳು. ನಾನು ಸುಮ್ಮನೆ ನಕ್ಕೆ.

ಎಲ್ಲರೂ ಹೋದ ಮೇಲೆ, ಏನು ಹೇಳಿದೆ ಅವ್ವ ಎಂದು ಕೇಳಿದೆ.

"ನಿಂಗೇ ಯೋಳಿದ್ದು ಕಣವ್ವ. ತಲೆ ಆಡುಸ್ತಿದ್ದೆಯಲ್ಲ, ತಿಳೀತು ಅನ್ಕಂಡೆ."

ಕನ್ನಡದಲ್ಲಿ ಹೇಳು ಎಂದು ಬೇಡಿಕೊಂಡೆ.

"ಕನ್ನಡದಲ್ಲಿ ಯೋಳಂಗಿದ್ದಿದ್ರೆ ಇಷ್ಟು ವರ್ಸ ಯಾಕೆ ವಟ್ಟೇಲಿ ಮಡಿಕಂಡಿರ್ತಿದ್ದೆ? ಬುಡು," ಎಂದು ಎದ್ದು ಹೋದಳು.

ಸುದರ್ಶನ್ ದಿನಕ್ಕೆರಡು ಸಲ ಫೋನ್ ಮಾಡಿ ಸಬ್‌ಟೈಟಲ್ಲಿಗೆ ಅರ್ಥ ಕೇಳುತ್ತಿದ್ದ. ಒಂದು ಭಾನುವಾರ ಕೂತು ಬರೆದೇಬಿಟ್ಟೆ: ಬಿದಿರೇ ನಮ್ಮ ತಾಯಿ, ಕಾಡೇ ನಮ್ಮ ತೊಟ್ಟಿಲು, ಹೀಗೆ. ಅಂಥ ಚಿತ್ರ ಮಾಡುವವರಿಗೆ ಎಂಥದ್ದು ಹಿಡಿಸುತ್ತದೆಂದು ನನಗೆ ಗೊತ್ತಿತ್ತು. ಅವ್ವನ ಮಾತಿನಲ್ಲಿ ನನಗೆ ತಿಳಿದದ್ದು ಕುಂಜಿ ಎಂಬುದೊಂದೇ. ಮೂರು ಸಲ ಬಂದಿತ್ತು. ಮೂರು ಕಡೆಯೂ 'ಬಿದಿರು ತಾಯಿ' ಎಂದು ಬರೆದೆ.

ಮಂಡ್ಯದಲ್ಲಿ ಚಿತ್ರ ತೋರಿಸಿದಾಗ ಜನ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಓದು ಬಾರದು. ಕೆಳಗೆ ಏನು ಬರೆದವ್ರೆ ಎಂದು ಕೇಳಿದಳು. ನೀನು ಹೇಳಿದ್ದನ್ನೇ, ನಾನೇ ಬರೆದುಕೊಟ್ಟೆ ಎಂದೆ.

"ತಿಳ್ಕಂಡಿದ್ದೆಯಾ ಅಂಗಾರೆ?" ಎಂದಳು.

ಹೂಂ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಬಸ್ಸು ಹಲಗೂರು ಮುಟ್ಟುವವರೆಗೂ ಬಿಡಲಿಲ್ಲ. ಎರಡು ತಿಂಗಳಿಗೆ ತೀರಿಕೊಂಡಳು.

ಹೋದ ವಾರ ಅರ್ಪಿತ ಎಂಬ ಸಂಶೋಧನಾ ವಿದ್ಯಾರ್ಥಿನಿ ಮನೆಗೆ ಬಂದಳು. ಚಿತ್ರ ನೋಡಿ ನೋಡಿ ಅವ್ವನ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದಾಳಂತೆ, ಮಕ್ಕಳಿಗೆ ಕಲಿಸಲು ಪುಸ್ತಕ ಮಾಡುತ್ತಾಳಂತೆ. ಕುಂಜಿ ಅಂದರೆ ಬಿದಿರು ತಾಯಿ, ಸರಿಯಲ್ಲವೇ ಎಂದು ಕೇಳಿದಳು. ಅಲ್ಲ ಎಂದರೆ ಉಳಿದದ್ದಕ್ಕೆ ಏನು ಹೇಳಲಿ? ತಿಳಿದವರು ಈ ಭೂಮಿಯ ಮೇಲೆ ಯಾರಿದ್ದಾರೆ? ಸರಿ ಎಂದೆ. ಹಾಗೆಂದ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಪೂರ್ತಿ ಒಮ್ಮೆ ಹೇಳಮ್ಮ ಎಂದೆ. ಅವಳು ಕಣ್ಣು ಮುಚ್ಚಿ ಶುರುಮಾಡಿದಳು. ಅವ್ವ ನಿಲ್ಲಿಸಿದಲ್ಲೇ ನಿಲ್ಲಿಸಿದಳು, ಅವ್ವ ಉಸಿರೆಳೆದಲ್ಲೇ ಉಸಿರೆಳೆದಳು. ಕುಂಜಿ ಎಂದಾಗ ನನಗೆ ತಡೆಯಲಾಗಲಿಲ್ಲ.

"ಓ, ಅವ್ವ," ಎಂದು ಓಗೊಟ್ಟೆ.

ಹುಡುಗಿ ಕಣ್ಣು ಬಿಟ್ಟು ಪೆನ್ನು ಕೈಗೆತ್ತಿಕೊಂಡಳು. ಅದೂ ಇದರಲ್ಲಿ ಬರುತ್ತದಾ ಮೇಡಂ ಎಂದು ಕೇಳಿದಳು.

"ಬರಬೇಕಾಗಿತ್ತು ಕಣಮ್ಮ," ಎಂದೆ.