ಎರಡನೆಯ ಮಾತ್ರೆ

ತಂಗಿ ತೀರಿಕೊಂಡ ಐದನೆಯ ದಿನಕ್ಕೇ ಅಕ್ಕ ಕೆಲಸಕ್ಕೆ ಹೋದಳು. ಅವಳದು ಕಟ್ಟುಹಲ್ಲು ತಯಾರಿಸುವ ಕೆಲಸ. ದಂತವೈದ್ಯರು ಕಳಿಸಿದ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಬೇಕು.

“ಇನ್ನೆರಡು ದಿನ ಮನೇಲಿರಬಹುದಿತ್ತಲ್ಲಮ್ಮ,” ಎಂದರು ಯಜಮಾನರು.

“ಮನೇಲಿದ್ದು ಏನ್ ಮಾಡ್ಲಿ?” ಎಂದು ಅವಳು ಏಪ್ರನ್ ಕಟ್ಟಿಕೊಂಡಳು.

ಅಳು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂಬ ಚಿಂತೆಯೂ ಬಂದಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದರೆ ತುಟಿ ತನ್ನದೋ ಪರರದೋ ತಿಳಿಯುವುದಿಲ್ಲವಲ್ಲ, ಹಾಗೆ ಇಡೀ ಮೈ ಜೋಮು ಹಿಡಿದಿತ್ತು.

ತಂಗಿಗೆ ಇಪ್ಪತ್ತೆರಡು. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಿದ್ದಳೆಂದು ಅಪ್ಪ ಪಿಟೀಲು ಎಂದು ಕರೆದದ್ದು ಹಾಗೇ ಉಳಿದುಬಿಟ್ಟಿತ್ತು. ಶೂ ಅಂಗಡಿಯಲ್ಲಿದ್ದಳು. ಬಂದ ನೆಂಟರ ಹೆಸರು ಮರೆತರೂ ಕಾಲಿನ ಅಳತೆ ಮರೆಯುತ್ತಿರಲಿಲ್ಲ. “ಏಳನೇ ನಂಬರ್ ದೊಡ್ಡಮ್ಮ ಬಂದಿದಾರೆ,” ಎಂದು ಬಾಗಿಲಿನಿಂದಲೇ ಕೂಗುವವಳು. ಭಾನುವಾರ ಮಧ್ಯಾಹ್ನ ಪಾರ್ಟಿಗೆಂದು ಹೋದವಳು ಸಂಜೆ ಆರಕ್ಕೆ ಆಸ್ಪತ್ರೆಯಲ್ಲಿ ಐಸ್ ಚೀಲಗಳ ನಡುವೆ ಮಲಗಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು. ಸೋಮವಾರ ಬೆಳಗ್ಗೆ ಹೋಗಿಬಿಟ್ಟಳು. “ಏನೋ ಮಾತ್ರೆ ತಗೊಂಡಿದಾಳೆ. ಏನು ಅಂತ ತಿಳಿದಿದ್ರೆ...” ಎಂದು ಡಾಕ್ಟರು ಮಾತು ನಿಲ್ಲಿಸಿದ್ದರು.

ಚಹದ ಹೊತ್ತಿಗೆ ತಂಗಿಯ ಶೂ ಅಂಗಡಿಯ ಗೆಳತಿ ಅಕ್ಕನನ್ನು ಹುಡುಕಿಕೊಂಡು ಬಂದಳು. ತುಟಿಗೆ ಹಚ್ಚುವ ಮುಲಾಮಿನ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಟಿಶ್ಯೂವಿನಲ್ಲಿ ಸುತ್ತಿದ ತಿಳಿಹಸಿರು ಮಾತ್ರೆ.

“ಆ ಪಾರ್ಟಿಲಿ ನನ್ನ ಪಾಲಿಗೆ ಬಂದಿದ್ದು, ಅಕ್ಕ. ನಾನು ನುಂಗಲಿಲ್ಲ.”

“ಯಾಕೆ?”

“ಹೊಟ್ಟೆ ಕೆಟ್ಟಿತ್ತು. ಜಾಣತನ ಏನಲ್ಲ.”

“ಅವಳು?”

“ಮೊದಲು ಒಂದು. ಮುಕ್ಕಾಲು ಗಂಟೆ ಆದ್ರೂ ಏನೂ ಆಗಲಿಲ್ಲ. ‘ಸುಣ್ಣದ ಬಿಲ್ಲೆ ಕೊಟ್ಟು ಟೋಪಿ ಹಾಕಿದಾನೆ ಕಣೇ’ ಅಂತ ನಕ್ಕಳು. ಇನ್ನೊಂದು ನುಂಗಿದ್ಳು. ಆಮೇಲೆ ಸೆಖೆ ಸೆಖೆ ಅಂತ ಶುರುವಾಯ್ತು. ನಲ್ಲಿ ಕೆಳಗೆ ತಲೆ ಹಿಡಿದ್ವಿ. ಆಸ್ಪತ್ರೆಗೆ ಹೋದ್ರೆ ಸಿಕ್ಕಿಬೀಳ್ತೀವಿ ಅಂತ ಕಾದ್ವಿ, ಅಕ್ಕ. ಒಂದು ಗಂಟೆ ಕಾದ್ವಿ.”

ಕೆನ್ನೆಗೆ ಬಾರಿಸಬೇಕು ಎಂದು ಅಕ್ಕನಿಗೆ ತೋಚಿತು. ಕೈ ಏಳಲಿಲ್ಲ.

ಮಾತ್ರೆಯನ್ನು ಚಿಮಟದಲ್ಲಿ ಹಿಡಿದು ಭೂತಗನ್ನಡಿಯ ಕೆಳಗೆ ತಂದಳು. ಅಂಚು ಸಪಾಟಾಗಿತ್ತು, ನಡುವೆ ನಕ್ಷತ್ರ ಸ್ಪಷ್ಟವಾಗಿ ಮೂಡಿತ್ತು. ಔಷಧಿ ಅಂಗಡಿಯದೆಂದೇ ನಂಬಬೇಕು, ಹಾಗಿತ್ತು. ಅಚ್ಚಿನ ಕಸುಬಿನವಳಿಗೆ ಅದು ಹೊಸದಲ್ಲ. ಅಚ್ಚು ಚೆನ್ನಾಗಿದ್ದರೆ ಏನು ಸುರಿದರೂ ಚೆನ್ನಾಗಿಯೇ ಕಾಣುತ್ತದೆ.

“ಇದು ಇನ್ನು ಯಾರ್ಯಾರ ಹತ್ರ ಇದೆ?”

“ನಮಗೆ ಮಾರಿದೋನು ಊರಿಗೆಲ್ಲ ಮಾರ್ತಾನೆ. ನಾಡಿದ್ದು ಭಾನುವಾರ ಇನ್ನೊಂದು ಪಾರ್ಟಿ.”

“ಏಳು,” ಎಂದಳು ಅಕ್ಕ.

ಅದೇ ಆಸ್ಪತ್ರೆ, ಅದೇ ಡಾಕ್ಟರು. ಮಾತ್ರೆ ಎಲ್ಲಿ ಸಿಕ್ಕಿತೆಂದು ಬರೆದುಕೊಳ್ಳಬೇಕಿತ್ತು. ಗೆಳತಿಯ ಮುಖ ಬಿಳಿಚಿಕೊಂಡಿತು.

“ತಂಗಿ ಚೀಲದಲ್ಲಿತ್ತು ಅಂತ ಬರ್ಕೊಳ್ಳಿ,” ಎಂದಳು ಅಕ್ಕ.

ಡಾಕ್ಟರು ಇಬ್ಬರನ್ನೂ ನೋಡಿದರು, ಹಾಗೆಯೇ ಬರೆದುಕೊಂಡರು.

ಶನಿವಾರ ಪರೀಕ್ಷೆಯ ಫಲಿತಾಂಶ ಬಂತು. ಹುಡುಗರು ಯಾವ ಅಮಲಿನ ಮದ್ದೆಂದುಕೊಂಡು ಕೊಂಡಿದ್ದರೋ ಅದು ಆ ಮಾತ್ರೆಯಲ್ಲಿ ಲವಲೇಶವೂ ಇರಲಿಲ್ಲ. ಯಾವುದೋ ಗೋಡೌನಿನಲ್ಲಿ ಅಗ್ಗದ ಬೇರೇನನ್ನೋ ಬೆರೆಸಿ ಒತ್ತಿದ್ದರು. ನಿಧಾನಕ್ಕೆ ಏರುವ ವಿಷ. ಏರಲಿಲ್ಲವೆಂದು ಇನ್ನೊಂದು ನುಂಗಿದರೆ ಎರಡೂ ಒಟ್ಟಿಗೆ ಏರಿ ಮೈಯನ್ನು ಒಳಗಿನಿಂದ ಬೇಯಿಸುತ್ತವೆ. ನುಂಗಿದವರನ್ನು ತಕ್ಷಣ ಕರೆತನ್ನಿ ಎಂಬ ಆಸ್ಪತ್ರೆಯ ಎಚ್ಚರಿಕೆಯೊಂದಿಗೆ ಹಸಿರು ಮಾತ್ರೆಯ ಚಿತ್ರ ಅಂದೇ ಎಲ್ಲರ ಫೋನಿಗೂ ಹೋಯಿತು.

ಸೋಮವಾರ ಡಾಕ್ಟರ ಫೋನು ಬಂತು. ಅದೇ ಮಾತ್ರೆ ನುಂಗಿದ ಇಬ್ಬರನ್ನು ನಿನ್ನೆ ಸ್ನೇಹಿತರು ತಕ್ಷಣವೇ ಕರೆತಂದರಂತೆ, ಚಿತ್ರ ನೋಡಿದ್ದರಂತೆ. ಇಬ್ಬರೂ ಉಳಿದಿದ್ದಾರೆ. ಮಾರಿದವನು ಮಾತ್ರ ಕೈಗೆ ಸಿಕ್ಕಿಲ್ಲ.

“ಒಳ್ಳೇದಾಯ್ತು,” ಎಂದಳು ಅಕ್ಕ. ಒಳ್ಳೆಯದೇ ಎಂದು ತಿಳಿದಿತ್ತು. ಸಂತೋಷವೆಂಬುದು ಮಾತ್ರ ಎಲ್ಲೋ ಗೋಡೆಯ ಆಚೆ ನಡೆಯುತ್ತಿರುವಂತಿತ್ತು. ಫೋನಿಟ್ಟು ಕೆಳದವಡೆಯ ಹಲ್ಲುಗಳನ್ನು ಉಜ್ಜಿ ನಯ ಮಾಡಿದಳು.

ಸಂಜೆ ಅಮ್ಮನ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ನೆಂಟರಿಗೆಲ್ಲ ಹೃದಯದ ತೊಂದರೆ ಎಂದೇ ಅಮ್ಮ ಹೇಳಿಕೊಂಡು ಬಂದಿದ್ದಳು.

“ಸೆಖೆ ಅಂದ ಕೂಡ್ಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ಳಾ?” ಎಂದಳು ಅಮ್ಮ.

“ಉಳೀಬಹುದಿತ್ತು.”

ಅಮ್ಮ ಸೀರೆಯ ಅಂಚು ಮಡಿಸಿದಳು, ಬಿಡಿಸಿದಳು. ಆಮೇಲೆ ಚಿಕ್ಕಮ್ಮನಿಗೆ ಫೋನು ಹಚ್ಚಿದಳು. ಚಿಕ್ಕಮ್ಮನ ಮನೆಯಲ್ಲಿ ಕಾಲೇಜಿಗೆ ಹೋಗುವ ಇಬ್ಬರಿದ್ದರು.

“ಹೃದಯ ಅಲ್ಲ ಕಣೇ,” ಎಂದಳು ಅಮ್ಮ. “ಹುಡುಗರು ಹತ್ರ ಇದ್ರೆ ಫೋನ್ ಅವರ ಕೈಗೆ ಕೊಡು. ನಾನೇ ಹೇಳ್ತೀನಿ.”