ಪೈಲ್ವಾನರ ತೋಳು

ನಾನು ರಕ್ತದೊತ್ತಡ ಅಳೆಯುವ ಪುಟ್ಟ ಯಂತ್ರ. ಕಾರ್ಖಾನೆಯ ಮೇಜಿನ ಮೇಲೆ ನನ್ನ ಪಟ್ಟಿಯೊಳಗೆ ಮೊದಲ ಬಾರಿ ಗಾಳಿ ತುಂಬಿ ಹೊರಟಾಗ ನಾನು ಹುಟ್ಟಿದೆ. ಹುಟ್ಟಿನಿಂದಲೂ ನನಗೆ ಒಂದೇ ಕುತೂಹಲ: ಈ ಮನುಷ್ಯರ ಚರ್ಮದ ಕೆಳಗೆ ಏನು ನಡೆಯುತ್ತಿರಬಹುದು?

ಮೈಸೂರಿನ ಔಷಧಿ ಅಂಗಡಿಯಿಂದ ನನ್ನನ್ನು ಮನೆಗೆ ತಂದವರು ಸರ್ವಮಂಗಳಮ್ಮ. ಅವರ ಮೈದುನ ಗರಡಿಮನೆಯಲ್ಲೇ ಕುಸಿದು ಬಿದ್ದು ಬಲಗೈ ಸ್ವಾಧೀನ ಕಳೆದುಕೊಂಡಿದ್ದ. ಅವನಿಗೆ ಬಿ.ಪಿ. ಇತ್ತೆಂಬುದು ಯಾರಿಗೂ ಗೊತ್ತಿರಲಿಲ್ಲ, ಅವನಿಗೂ. ಅಂದಿನಿಂದ ಗಂಡ ಕೆಮ್ಮಿದರೂ ಸರ್ವಮಂಗಳಮ್ಮ ಅಡುಗೆಮನೆಯಿಂದ ಇಣುಕುತ್ತಿದ್ದರು.

ಗಂಡ ಪೈಲ್ವಾನ್ ಮಾದಪ್ಪ. ಕುಸ್ತಿ ಬಿಟ್ಟಿದ್ದರೂ ತೋಳು ಇನ್ನೂ ಕಂಬದ ಹಾಗಿತ್ತು. ನನ್ನ ಪಟ್ಟಿ ಅದನ್ನು ಹೇಗೋ ಸುತ್ತಿಕೊಂಡಿತು. ನಾನು ಬಿಗಿಯತೊಡಗಿದ್ದೇ ತಡ, ಅವರು ಮುಷ್ಟಿ ಕಟ್ಟಿದರು. ಯಾರಾದರೂ ತೋಳು ಹಿಡಿದರೆ ಎದುರು ಬಿಗಿಯುವುದು ಅವರ ಅಭ್ಯಾಸ. ಪಟ್ಟಿಯ ಅಂಟು ಪರ್ರನೆ ಕಿತ್ತು ಬಂತು.

“ಇಷ್ಟೇನಾ ಇದರ ದಮ್ಮು?” ಮಾದಪ್ಪ ತೊಡೆ ತಟ್ಟಿ ನಕ್ಕರು. “ನಿನ್ನ ಡಬ್ಬಿ ಚಿತ್ ಆಯ್ತು ಕಣೇ!”

“ಸಾಕು ರೀ. ನಿಮ್ಮ ತಮ್ಮನೂ ಹಿಂಗೇ ನಗ್ತಿದ್ದ.”

ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಳತೆ ತಪ್ಪುತ್ತದೆಂದು ಅಂಗಡಿಯವರಿಂದ ತಿಳಿದು, ಸರ್ವಮಂಗಳಮ್ಮ ದೊಡ್ಡ ಪಟ್ಟಿ ತಂದರು. ಈ ಸಲ ಅದು ಕಿತ್ತು ಬರಲಿಲ್ಲ. ಅಂಕಿ ನೂರ ಎಂಬತ್ತು ದಾಟಿತು.

“ಪಟ್ಟಿ ದೊಡ್ಡದು, ಅದಕ್ಕೇ ನಂಬರೂ ದೊಡ್ಡದು.”

“ಮುಷ್ಟಿ ಕಟ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಸಡಿಲ ಬಿಡಿ. ಮಾತಾಡ್ಬೇಡಿ.”

ಹಿಡಿದವರ ಕೈಯಲ್ಲಿ ತೋಳನ್ನು ಸಡಿಲ ಬಿಡುವುದು ಅವರಿಗೆ ಯಾರೂ ಕಲಿಸದ ವಿದ್ಯೆ. ಆದರೂ ಹೆಂಡತಿಯ ಮುಖ ನೋಡಿ, ಕುರ್ಚಿಗೊರಗಿ, ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟರು. ಆ ತೋಳು ನನ್ನ ಹಿಡಿತದಲ್ಲಿ ಮಗುವಿನಂತೆ ಮಲಗಿತು. ಒಳಗೆ ರಕ್ತ ಮಾತ್ರ ದಡಬಡ ಓಡುತ್ತಿತ್ತು. ನನಗೇ ಭಯವಾಯಿತು. ಆದರೂ ಕಂಡದ್ದನ್ನೇ ತೋರಿಸಿದೆ. ಮರುದಿನ ಬೆಳಿಗ್ಗೆ, ಕಾಫಿಗೆ ಮುಂಚೆ ಅಳೆದಾಗಲೂ ಇಳಿದಿರಲಿಲ್ಲ.

“ಒಂಚೂರೂ ಬಿಗಿ ಹಿಡೀಲಿಲ್ಲ ಕಣೇ,” ಎಂದರು ಮಾದಪ್ಪ ಮೆಲ್ಲಗೆ.

“ನೋಡ್ತಾನೇ ಇದ್ದೆ. ಷರ್ಟು ಹಾಕ್ಕೊಳ್ಳಿ, ಡಾಕ್ಟರ ಹತ್ರ ಹೋಗೋಣ.”

ಮಾತ್ರೆ ಶುರುವಾಯಿತು. ಉಪ್ಪಿನಕಾಯಿ ಭರಣಿ ಮೇಲಿನ ಹಲಗೆ ಸೇರಿತು. ಅಂಕಿ ನಿಧಾನವಾಗಿ ಇಳಿಯಿತು.

ಈಗ ನನಗೆ ವಯಸ್ಸಾಗಿದೆ. ಬ್ಯಾಟರಿಯ ಮುಚ್ಚಳ ಕಳೆದು, ರಬ್ಬರ್ ಬ್ಯಾಂಡ್ ಹಾಕಿದ್ದಾರೆ. ಮಾದಪ್ಪನವರೂ ಸೊರಗಿದ್ದಾರೆ. ಮೊನ್ನೆ ದೊಡ್ಡ ಪಟ್ಟಿ ಅವರ ಎಡತೋಳಿನಿಂದ ಜಾರಿಬಿತ್ತು. ಸರ್ವಮಂಗಳಮ್ಮ ಬೀರುವಿನಿಂದ ನನ್ನ ಹಳೆಯ ಸಣ್ಣ ಪಟ್ಟಿ ತಂದು ಸುತ್ತಿದರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಮಾದಪ್ಪ ತಮ್ಮ ತೋಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ತಲೆ ತಟ್ಟಿ ನಕ್ಕರು.

“ಕೊನೆಗೂ ಹಿಡಿದ್ಬಿಟ್ಟೆಯಲ್ಲೋ!”

“ಮಾತಾಡ್ಬೇಡಿ,” ಎಂದರು ಸರ್ವಮಂಗಳಮ್ಮ.

ನಾನು ಮೆಲ್ಲಗೆ ಬಿಗಿದೆ. ಎಡತೋಳು ಸಡಿಲವಾಗಿ ಮಲಗಿತ್ತು. ಮೇಜಿನ ಕೆಳಗೆ, ಹೆಂಡತಿಗೆ ಕಾಣದಂತೆ, ಬಲಗೈ ತೊಡೆ ತಟ್ಟುತ್ತಿತ್ತು.