ದೂರ ಇದ್ದವರ ಸರದಿ

ಎಡಗಾಲು ಮಡಚಲೊಲ್ಲದು. ರಂಭಾಬಾಯಿ ಗಂಡನ ಮೊಣಕಾಲಿನ ಕೆಳಗೆ ಕೈಯಿಟ್ಟು, ಮಲಗಿದ ಕೂಸನ್ನು ಎತ್ತುವಷ್ಟು ಮೆಲ್ಲಗೆ ಎತ್ತಿ ಒಳಕ್ಕೆ ಬಗ್ಗಿಸಿದಳು. ಕೈ ಬಿಟ್ಟ ಕೂಡಲೇ ಕಾಲು ಮತ್ತೆ ಚಾಚಿಕೊಂಡಿತು. ಗೋಡೆಗೆ ಆನಿಸಿ ಕೂಡಿಸಿದ್ದ ಮನ್ಮಥಪ್ಪನ ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ, ತಲೆಗೆ ಹೊಸ ರುಮಾಲು. ಬಲಗಾಲು ಪದ್ಮಾಸನಕ್ಕೆ ಬಂದಿತ್ತು. ಎಡಗಾಲು ಮಾತ್ರ, ಬಾಗಿಲಲ್ಲಿ ಯಾರನ್ನೋ ತಡೆಯುವ ಹಾಗೆ, ಅಂಗಳದ ಕಡೆಗೆ ನೆಟ್ಟಗಿತ್ತು.

"ಹಗ್ಗಾ ತರ್ರಿ, ಬಿಗದ ಕಟ್ಟೂಣು," ಎಂದ ಹೊಸ್ತಿಲ ಬಳಿ ನಿಂತವನೊಬ್ಬ.

"ಹೈದರಾಬಾದಿನಾಗ ಪಳಗಿದ ಕಾಲು ಅದು. ನಮ್ಮ ಹಗ್ಗಕ್ಕ ಬಗ್ಗತದೇನು?" ಎಂದ ಇನ್ನೊಬ್ಬ. ಎರಡು ಮೂರು ಜನ ಬಾಯಿಗೆ ಉಪರಣೆ ಅಡ್ಡ ಹಿಡಿದು ನಕ್ಕರು.

ಪಕ್ಕದಲ್ಲಿ ಕುಳಿತ ಮುದುಕ ಅಯ್ಯನವರು ಕಣ್ಣು ತೆರೆದರು. "ಬಿಡವ್ವಾ. ಹೆಂಗ ಕುಂತಾನ ಹಂಗೇ ಕೂಡಲಿ. ಶಿವಾ ಮೊಣಕಾಲು ನೋಡಿ ಒಳಗ ಕರಕೊಳ್ಳಾಂವಲ್ಲ. ಖಂಡೆಪ್ಪಗ ಹೇಳಿ ಕಳಸ್ರಿ, ಕುಣಿ ಒಂದೀಟು ಉದ್ದ ತೋಡಲಿ."

ರಂಭಾಬಾಯಿ ಸೆರಗಿನಿಂದ ಆ ಮೊಣಕಾಲನ್ನು ಒರೆಸಿ ತಲೆಯೆತ್ತಿದಳು. ಅಂಗಳದಲ್ಲಿ ಚಪ್ಪಲಿಗಳು ರಾಶಿ ಬಿದ್ದಿದ್ದವು. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮ ಸೋತ ವರ್ಷದಿಂದ ಈ ಅಂಗಳದಲ್ಲಿ ಊರವರು ಒಂದು ಜೋಡು ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಮಗಳು ಗಿರಿಜಾಬಾಯಿಯ ಮದುವೆಗೆ ಹಂದರ ಹಾಕಲು ಬಾರದವರು, ಬಾವಿಯ ಹತ್ತಿರ ಇವಳ ಕೊಡ ಕಂಡರೆ ಮುಖ ತಿರುಗಿಸಿದವರು ಇವರೇ. ಇಂದು ಸಾಲಾಗಿ ಬಂದು ಕುಳಿತಿದ್ದಾರೆ. ಬಂದವರೆಲ್ಲರ ಕಣ್ಣು ಬಾಗಿಲ ಕಡೆಗಿತ್ತು. ಪಾಟೀಲ ರೇವಣಪ್ಪ ಬರಬೇಕಾಗಿತ್ತು.

ಬಂದ. ಪಾಲಿಶ್ ಮಾಡಿದ ಬೂಟು ಕಳಚಿ, ಹೆಣಕ್ಕೆ ಹೂವಿನ ಹಾರ ಹಾಕಿ, ರಂಭಾಬಾಯಿಯ ಎದುರು ಕುಕ್ಕರಗಾಲಲ್ಲಿ ಕುಳಿತ.

"ತಂಗೀ, ಭಾರೀ ಮನಶಾ ಹೋದ. ನಿಲಂಗಾದಿಂದ ತಹಶೀಲ್ದಾರ ಸಾಹೇಬರು ಬರಾಕತ್ಯಾರ. ಸಣ್ಣವರಿದ್ದಾಗ ಹೈದರಾಬಾದದಾಗ ಇವನ ಫುಟಬಾಲ ನೋಡ್ಯಾರಂತ. ನಿನಗ ಗಂಡಮಕ್ಕಳಿಲ್ಲ. ಊರ ಹಿರ್ಯಾ ಅಂತ ಮೊದಲನೇ ಹಿಡಿ ಮಣ್ಣು ನಾ ಹಾಕತೀನಿ."

"ಲಾಡ್ಲೇಸಾಬ ಎಲ್ಲ್ಯಾರ?" ಎಂದು ಕೇಳಿದಳು ರಂಭಾಬಾಯಿ.

ಗಂಡನ ಹಳೆಯ ಗೆಳೆಯ, ಪಿಂಜಾರ ಲಾಡ್ಲೇಸಾಬ ತಿಂಗಳಿಂದ ಈ ಮನೆಯಲ್ಲೇ ಇದ್ದ. ಬೆಳಗಿನ ಜಾವ ಮನ್ಮಥಪ್ಪನ ಉಸಿರು ಹೋದಾಗ ತಲೆ ಅವನ ತೊಡೆಯ ಮೇಲೇ ಇತ್ತು. ಪಾಟೀಲನ ಆಳುಗಳು ಬಂದ ಮೇಲೆ ಅವನು ಕಾಣಲಿಲ್ಲ.

"ಮಣ್ಣು ಮಾಡೂ ಹೊಲದ ಆ ದಂಡಿಗಿ ಕೂಡಿಸೀವಿ. ಅಲ್ಲಿಂದೇ ನೋಡಲಿ. ಲಿಂಗವಂತರ ಮಣ್ಣಿಗ ಅವನ ಕೈ ಹತ್ತಿದರ ಅಯ್ಯನೋರು ಎದ್ದ ಹೋಗತಾರ. ಅಯ್ಯನೋರು ಹೋದರ ಊರೂ ಹೋಗತದ. ಆಮ್ಯಾಲ ಕುಣಿ ಮುಚ್ಚಾಕ ಯಾರು ಬರತಾರ? ಬರೇ ನಿನಗ ತಿಳೀಲಿ ಅಂತ ಹೇಳೀನಿ."

ಪಾಟೀಲ ಹೊರಗೆ ಹೋದ ಮೇಲೆ ಗಿರಿಜಾಬಾಯಿ ತಾಯಿಯ ಕಿವಿಯ ಹತ್ತಿರ ಬಂದಳು. "ಅವ್ವಾ, ಇವತ್ತೊಂದಿನ ಬಾಯಿ ಮುಚಗೊಂಡಿರು. ಮೊದಲು ಅಪ್ಪಗ ಮಣ್ಣಾಗಲಿ."

"ನಿಮ್ಮಪ್ಪ ಬಾಯಿ ಮುಚಗೊಂಡಿದ್ದರ ಈ ಅಂಗಳ ಇಷ್ಟ ವರ್ಷ ಖಾಲಿ ಇರತಿರಲಿಲ್ಲ."

"ಅದಕ್ಕೇ ಅಂತೀನಿ."

ರಂಭಾಬಾಯಿ ಗಂಡನ ರುಮಾಲನ್ನು ಸರಿಪಡಿಸಿದಳು. ಎದೆಯೊಳಗೆ ಒಲೆಯ ಕೆಂಡದ ಮೇಲೆ ಬೂದಿ ಕವಿದ ಹಾಗಿತ್ತು. ಕೊನೆಯ ದಿನಗಳಲ್ಲಿ ನೀರು ಕುಡಿಸಿದ ಕೈಗೆ ಮಣ್ಣು ಹಾಕುವ ಹಕ್ಕಿಲ್ಲ. ಯಾರ ಕೈಗೆ ಇದೆಯೆಂದರೆ, ಈ ಪಾಟೀಲನ ಕೈಗೆ.

\* \* \*

ಮನ್ಮಥಪ್ಪ ಹೈದರಾಬಾದಿಗೆ ಹೋದದ್ದು ಸಿಪಾಯಿಯಾಗಿ. ಪಲ್ಟಣಿನವರು ಕೈಗೆ ಬಂದೂಕು ಕೊಡುವ ಮೊದಲೇ ಕಾಲಿಗೆ ಚೆಂಡು ಕೊಟ್ಟರು. ಗೋಲಿನ ಮುಂದೆ ನಿಂತು ಬಂದವರನ್ನೆಲ್ಲ ತಡೆಯುವುದು ಅವನ ಕೆಲಸ. ಜನ ಹೆಗಲ ಮೇಲೆ ಹೊತ್ತು ಮೆರೆಸಿದ್ದೂ ಉಂಟು. ಒಂದು ಮಳೆಗಾಲದ ಪಂದ್ಯದಲ್ಲಿ ಮೊಣಕಾಲು ಮುರಿಯಿತು. ಮೂಳೆ ಕೂಡಿದ ಮೇಲೆ ಕಾಲು ಮಡಚುವುದನ್ನು ಮರೆಯಿತು. ಮೇಲಿನವರು ಅವನನ್ನು ಸಿಕಂದರಾಬಾದಿನ ಗಾಲ್ಫ್ ಮೈದಾನಕ್ಕೆ ಹಾಕಿದರು, ಸಾಹೇಬರ ಕೋಲುಚೀಲ ಹೊರಲು. ಅಲ್ಲಿ ಕುಂಟುತ್ತ ಕುಂಟುತ್ತ ಆ ಆಟಕ್ಕೆ ಮನಸೋತ. ತನ್ನ ದೇಶಕ್ಕೆ ಹೊರಟ ಗೋರಾ ಸಾಹೇಬನೊಬ್ಬ ಒಂದು ಕಬ್ಬಿಣದ ಕೋಲನ್ನೂ ಜೇಬುತುಂಬ ಚೆಂಡುಗಳನ್ನೂ ಕೊಟ್ಟ. ಅಷ್ಟನ್ನೇ ತೆಗೆದುಕೊಂಡು ಊರಿಗೆ ಬಂದ.

ಊರ ಹೊರಗೆ ಅವನ ಪಾಲಿಗೆ ಬಂದ ಕಲ್ಲುಮಾಳ ಒಂದಿತ್ತು. ಜೋಳ ಬೆಳೆಯುವ ನೆಲವಲ್ಲ. ಚೆಂಡು ಬೀಳಲೆಂದು ಅಲ್ಲಲ್ಲಿ ತಗ್ಗು ತೋಡಿ, ತಗಡಿನ ಡಬ್ಬಿ ಹುಗಿದ. ಒಂದು ತುದಿಗೆ ಚಪ್ಪಟೆ ಕಲ್ಲು ನೆಟ್ಟ. ಮೊದಲ ಹೊಡೆತ ಅಲ್ಲಿಂದ. ಇನ್ನೊಂದು ತುದಿಯ ಬೇವಿನ ಬುಡದಲ್ಲಿ ಕಡೆಯ ತಗ್ಗು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಅಲ್ಲಿಗೆ ಹೋಗುತ್ತಿದ್ದ. ಅಂಗೈಯ ಲಿಂಗವನ್ನು ಹೇಗೆ ನೋಡುತ್ತಿದ್ದನೋ ನೆಲದ ಮೇಲಿನ ಚೆಂಡನ್ನೂ ಹಾಗೆಯೇ, ರೆಪ್ಪೆ ಬಡಿಯದೆ ನೋಡುತ್ತಿದ್ದ. ಆಮೇಲೆ ಹೊಡೆಯುತ್ತಿದ್ದ.

"ಅಷ್ಟ ದೊಡ್ಡ ಫುಟಬಾಲ ಆಡಿ, ಈಗ ಹುಡುಗೂರಂಗ ಚಿಣಿದಾಂಡು ಏನ್ರೀ ಇದು?" ಎಂದು ಮಧ್ಯಾಹ್ನದ ರೊಟ್ಟಿ ತಂದ ರಂಭಾಬಾಯಿ ಕೇಳಿದ್ದಳು.

"ಫುಟಬಾಲದಾಗ ಸೀಟಿ ಊದಾಂವ ಒಬ್ಬಾ ಇರತಾನ, ರಂಭಾ. ಅಂವಾ ನೋಡಲಿಲ್ಲಂದರ ತಪ್ಪೇ ಇಲ್ಲ. ನಾನೂ ಎಷ್ಟೋ ಸಲ ಮಂದೀ ಅಂಗಿ ಹಿಡದ ಜಗ್ಗೀನಿ. ಇದರಾಗ ಸೀಟಿ ಇಲ್ಲ. ಕಂಟಿ ಹಿಂದ ಚೆಂಡು ಸರಿಸಿದರ ನೋಡಾವರಿಲ್ಲ. ತನ್ನ ತಪ್ಪು ತಾನೇ ಹೇಳಬೇಕು."

"ಅದು ಗುರುವಿನ ಮುಂದ ಹೇಳೂ ಮಾತು. ಆಟದಾಗ ಯಾಕ ಬೇಕು?"

ಮನ್ಮಥಪ್ಪ ನಕ್ಕು ಚಟ್ನಿಯಲ್ಲಿ ರೊಟ್ಟಿ ಅದ್ದಿದ.

ಜೊತೆಗೆ ಆಡುವವನು ಲಾಡ್ಲೇಸಾಬ ಒಬ್ಬನೇ. ಹತ್ತಿ ಹಿಂಜಿ ಹಿಂಜಿ ಅವನ ತೋಳು ಗಟ್ಟಿ, ಗುರಿ ಮಾತ್ರ ಸೊನ್ನೆ. ಇಬ್ಬರಿಗೂ ಕೋಲು ಒಂದೇ. ಯಾರ ಚೆಂಡು ತಗ್ಗಿನಿಂದ ಹೆಚ್ಚು ದೂರ ಬಿದ್ದಿದೆಯೋ ಅವರದೇ ಮೊದಲ ಸರದಿ. ಹತ್ತಿರ ಇದ್ದವನು ಕೋಲು ಬಿಟ್ಟುಕೊಟ್ಟು ಸುಮ್ಮನೆ ನಿಲ್ಲಬೇಕು. ಯಾರು ದೂರ ಎಂದು ಜಗಳ ಬಿದ್ದರೆ ಮನ್ಮಥಪ್ಪ ಹೆಂಡತಿಯನ್ನು ಕರೆಯುತ್ತಿದ್ದ. ಅವಳು ಸೊಂಟಕ್ಕೆ ಕೈಯಿಟ್ಟು, ಒಂದು ಕಣ್ಣು ಕಿರಿದು ಮಾಡಿ ಅತ್ತ ಇತ್ತ ನೋಡಿ ಕೈ ಎತ್ತಿ ತೋರಿಸುವಳು. ಅವಳ ಮಾತೇ ಕಡೆಯದು. ಹೆಚ್ಚಾಗಿ ದೂರ ಇರುತ್ತಿದ್ದವನು ಲಾಡ್ಲೇಸಾಬ.

"ಇದೊಂದೇ ಆಟ ನೋಡ್ರಿ ವೈನಿ, ಹಿಂದ ಬಿದ್ದಾವಗ ಮರ್ಯಾದಿ ಇರೂದು," ಎನ್ನುತ್ತ ಅವನು ಕೋಲು ಇಸಿದುಕೊಳ್ಳುತ್ತಿದ್ದ.

\* \* \*

ಹೆಣ ಹೊತ್ತ ಕುರ್ಚಿ ಮಾಳದ ದಾರಿ ಹಿಡಿಯಿತು. ಹಿಂದೆ ಭಜನೆ; ಭಜನೆಯ ಹಿಂದೆ ಮಾತು.

"ಮೇ ತಿಂಗಳಿಂದ ನಾವು ಮಹಾರಾಷ್ಟ್ರದವರಂತ."

"ನಿಜಾಮಂದಾಗ ಇದ್ದಿವಿ, ಆಮ್ಯಾಲ ಬೀದರದವರಾದಿವಿ, ಆಮ್ಯಾಲ ಮುಂಬೈ. ಈಗ ಇದೊಂದು. ಕುಂತಲ್ಲೇ ಕುಂತು ಎಷ್ಟ ಊರು ತಿರಗೀದಿವಪ್ಪಾ."

"ಮಾಣಿಕಪ್ಪಾ, ಹೆಗಲು ಬದಲಿ ಮಾಡೋ. ನಿಜಾಮನ ನೌಕರ ಭಾಳ ತೂಕ ಇದ್ದಾನ."

ರಂಭಾಬಾಯಿ ಕೇಳಿಸಿಕೊಂಡು ನಡೆದಳು. ಬೇವಿನ ಬುಡದಲ್ಲಿ ಕುಣಿ ತೋಡುತ್ತಿದ್ದವನು ಕುರುಬರ ಖಂಡೆಪ್ಪ. ಜಾಗ ತೋರಿಸಿದವಳು ಅವಳೇ. ಅವರು ಮುಟ್ಟುವ ಹೊತ್ತಿಗೆ ಅವನು ಮಣ್ಣಿನಿಂದ ತುಕ್ಕು ಹಿಡಿದ ಡಬ್ಬಿಯೊಂದನ್ನು ಎತ್ತಿ ದಂಡೆಯ ಮೇಲಿಟ್ಟಿದ್ದ.

"ಖಜಾನಾ ಸಿಕ್ತೇನೋ ಖಂಡ್ಯಾ?" ಎಂದು ಯಾರೋ ಕೂಗಿದರು.

"ಹೌದ್ರಿ. ನಿಮಗ ಉಪಯೋಗ ಇಲ್ಲ," ಎಂದ ಖಂಡೆಪ್ಪ.

ರಂಭಾಬಾಯಿ ಮಾಳದ ಆ ತುದಿಗೆ ಕಣ್ಣು ಹಾಯಿಸಿದಳು. ಮೊದಲ ಹೊಡೆತದ ಚಪ್ಪಟೆ ಕಲ್ಲಿನ ಮೇಲೆ, ಬಿಸಿಲಲ್ಲಿ, ಲಾಡ್ಲೇಸಾಬ ಕುಳಿತಿದ್ದ. ಮೊಣಕಾಲುಗಳ ನಡುವೆ ಕಬ್ಬಿಣದ ಕೋಲು.

\* \* \*

ಪೋಲೀಸ್ ಆ್ಯಕ್ಷನ್ನಿನ ಆ ವರ್ಷ ಮಿಲ್ಟ್ರಿಯವರು ಬಂದು ಚಾವಡಿಯ ಮುಂದೆ ಡೇರೆ ಹಾಕಿದ್ದರು. ಹಿಂದಿನ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಊರಿನ ಬಣವೆಗಳಿಗೆ ಬೆಂಕಿಯಿಟ್ಟದ್ದು ಸುಳ್ಳಲ್ಲ. ಆದರೆ ಪಿಂಜಾರ ಓಣಿಯವರಲ್ಲಿ ಒಬ್ಬರೂ ಅವರೊಂದಿಗೆ ಇರಲಿಲ್ಲ. ಅದು ಊರಿಗೆಲ್ಲ ಗೊತ್ತಿತ್ತು. ನಿಜಾಮ ಸೋತ ಸುದ್ದಿ ಬಂದ ಮಧ್ಯಾಹ್ನವೇ ಆ ಓಣಿ ಉರಿಯಿತು. ಲಾಡ್ಲೇಸಾಬನ ತಮ್ಮ ಬಾವಿಯ ಕಟ್ಟೆಯ ಮೇಲೆ ಸತ್ತ. ಹಿಂಜುವ ಬಿಲ್ಲುಗಳು, ತಾಮ್ರದ ಹಂಡೆಗಳು, ಬಾಗಿಲುಗಳು ಕೂಡ ಬಂಡಿಯ ಮೇಲೆ ಹೋದವು.

ಯಾರು ಮಾಡಿದರೆಂದು ಡೇರೆಯ ಸಾಹೇಬ ಕೇಳಿದಾಗ ಊರು ಮೊದಲೇ ಮಾತಾಡಿಕೊಂಡಿದ್ದ ಉತ್ತರ ಕೊಟ್ಟಿತು: ಹೊರಗಿನವರು. ಒಬ್ಬರಾದ ಮೇಲೆ ಒಬ್ಬರು. ಮನ್ಮಥಪ್ಪನ ಸರದಿ ಬಂತು.

"ಹೊರಗಿನವರಲ್ಲ ಸಾಬ್. ನಮ್ಮವರು. ಮುಂದ ಇದ್ದವರು ಇವರು," ಎಂದು ರೇವಣಪ್ಪನ ಕಡೆ ಕೈ ತೋರಿಸಿದ. "ನಾ ಮನಿ ಮಾಳಗಿ ಮ್ಯಾಲಿಂದ ನೋಡೀನಿ. ಕೆಳಗ ಇಳದು ಅಡ್ಡ ನಿಂದರಲಿಲ್ಲ. ಅದನ್ನೂ ಬರಕೋರಿ."

ಬರೆದುಕೊಂಡರು. ರೇವಣಪ್ಪನನ್ನು ಉದಗೀರಕ್ಕೆ ಕರೆದೊಯ್ದರು. ಕೆಲವೇ ದಿನಗಳಲ್ಲಿ ಅವನು ಹಾರ ಹಾಕಿಸಿಕೊಂಡು ತಿರುಗಿ ಬಂದ. ಮನ್ಮಥಪ್ಪನಿಗೆ ಊರು ರಜಾಕಾರ ಎಂದು ಹೆಸರಿಟ್ಟಿತು.

"ಇಲ್ಲಿ ಸೀಟಿ ಊದಾಂವ ಇರಲಿಲ್ಲಲ್ಲ, ರಂಭಾ," ಎಂದಷ್ಟೇ ಅಂದ ಆ ಸಂಜೆ. "ಹೇಳಬೇಕಾತು."

\* \* \*

ಮನ್ಮಥಪ್ಪನನ್ನು ಕುಣಿಗೆ ಇಳಿಸಿದರು. ಅಯ್ಯನವರು ಮಂತ್ರ ಹೇಳುತ್ತ ಬಿಲ್ವದಳ ಹಾಕಿದರು. ಉದ್ದವಾಗಿ ತೋಡಿದ್ದರಿಂದ ಎಡಗಾಲು ಸುಖವಾಗಿ ಚಾಚಿಕೊಂಡಿತು. ತಹಶೀಲ್ದಾರರು ಟೊಪ್ಪಿಗೆ ತೆಗೆದು ಒಂದು ಕಡೆ ನಿಂತರು. ಅವರ ಮುಖ ನೋಡಿಕೊಂಡು ರೇವಣಪ್ಪ ಕುಣಿಯ ಅಂಚಿಗೆ ಬಂದ.

"ಮನ್ಮಥಪ್ಪ ಭಾರೀ ಆಟಗಾರ ಮನಶಾ. ಆಟದಿಂದ ನಾವು ಕಲೀಬೇಕಾದ್ದು ಭಾಳ ಅದ. ಸೋಲು ಗೆಲುವು ಸಮ ಅಂತ ತಿಳೀಬೇಕು. ಊರಂದರ ಒಂದ ತಂಡ ಇದ್ದಂಗ. ಅಂವಾ ಕಡೀತನಕಾ ನಮ್ಮ ತಂಡದಾಂವಾ ಇದ್ದ. ಆಟದ ನೇಮಾ ಒಂದ ದಿನಾ ಮುರೀಲಿಲ್ಲ."

ಹೇಳಿ, ಬಗ್ಗಿ, ಹಿಡಿ ಮಣ್ಣು ತುಂಬಿಕೊಂಡ.

"ಪಾಟೀಲರ, ನಿಂದರ್ರಿ," ಎಂದಳು ರಂಭಾಬಾಯಿ.

ಭಜನೆಯ ತಾಳ ನಿಂತಿತು. ಗಿರಿಜಾಬಾಯಿ ತಾಯಿಯ ಸೆರಗು ಹಿಡಿದಳು. ರಂಭಾಬಾಯಿ ಮಗಳ ಕೈಯನ್ನು ಮೆಲ್ಲಗೆ ಬಿಡಿಸಿದಳು.

"ಆಟದ ನೇಮಾ ಅಂದ್ರಿ. ಇದು ಅವರು ಆಡಿದ ಹೊಲ. ನೀವು ನಿಂತಿದ್ದು ಅವರ ಕಡೀ ತಗ್ಗಿನ ಮ್ಯಾಲ. ಇಲ್ಲಿ ನೇಮಾ ಏನಂದರ, ಯಾರು ಹೆಚ್ಚು ದೂರ ಇದ್ದಾರ ಅವರು ಮೊದಲು. ಹತ್ತರ ಇದ್ದವರು ಕಡೀಕ. ಅಲ್ಲೀತನಕಾ ಸುಮ್ಮ ನಿಂದರಬೇಕು."

"ತಂಗೀ, ಇದು ಮಣ್ಣು ಕೊಡೂ ಹೊತ್ತು. ಆಟಲ್ಲ."

"ಆಟದ ಮಾತು ತಗದವರು ನೀವ."

"ಅಂವಾ ಬಂದರ ಅಯ್ಯನೋರು—"

"ಅಯ್ಯನೋರ," ಎಂದು ಅವಳು ಕುಣಿಯ ಆಚೆಗೆ ತಿರುಗಿದಳು. "ಲಾಡ್ಲೇಸಾಬ ಮಣ್ಣು ಹಾಕಿದರ ನೀವು ಎದ್ದ ಹೋಗತೀರಂತ. ಖರೇ ಏನ್ರೀ?"

ಅಯ್ಯನವರು ಕೈಯಲ್ಲಿದ್ದ ಬಿಲ್ವದಳವನ್ನು ಹಾಕಿ ಮುಗಿಸಿ ನೆಟ್ಟಗಾದರು. "ಯಾರು ಹೇಳ್ಯಾರವ್ವಾ? ನನಗ ಯಾರೂ ಕೇಳೇ ಇಲ್ಲ. ಮಣ್ಣು ಶಿವಂದು. ಅದು ಕೈ ನೋಡತದೇನು?"

ಜನರ ನಡುವೆ ಗುಸುಗುಸು ಎದ್ದಿತು. ಪಾಟೀಲನ ಆಳುಗಳು ಉಪರಣೆ ಕೊಡವಿ ಹಿಂದಕ್ಕೆ ಸರಿದರು. ಅವರನ್ನು ನೋಡಿ ಮತ್ತೆ ಕೆಲವರು ಸರಿದರು. ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಖಂಡೆಪ್ಪ ಸಲಿಕೆಗೆ ಗದ್ದ ಊರಿ ನಿಂತಿದ್ದ.

"ಹೋಗಾವರು ಹೋಗ್ರಿ," ಎಂದ. "ತೋಡಿದಾಂವ ನಾನು, ಮುಚ್ಚಾಕೂ ಬರತದ. ಸಂಜೀತನಕಾ ನನಗೇನು ಕೆಲಸಿಲ್ಲ."

ತಹಶೀಲ್ದಾರರು ಕದಲಲಿಲ್ಲ. ಅವರು ಕದಲದ್ದರಿಂದ ಪಾಟೀಲನೂ ಕದಲುವಂತಿರಲಿಲ್ಲ.

ರಂಭಾಬಾಯಿ ಸೊಂಟಕ್ಕೆ ಕೈಯಿಟ್ಟಳು. ಒಂದು ಕಣ್ಣು ಕಿರಿದು ಮಾಡಿ ಕುಣಿಯಿಂದ ಆ ಕಲ್ಲಿನವರೆಗೆ ಮಾಳದ ಉದ್ದವನ್ನು ನೋಡಿದಳು. ಬಲಗೈ ಎತ್ತಿ ತೋರಿಸಿದಳು.

ದೂರದಲ್ಲಿ ಲಾಡ್ಲೇಸಾಬ ಎದ್ದು ನಿಂತ. ಕೋಲನ್ನು ಕಲ್ಲಿಗೆ ಒರಗಿಸಿ, ಬಗ್ಗಿ, ಅಲ್ಲಿಯದೇ ಮಣ್ಣನ್ನು ಎರಡೂ ಕೈತುಂಬ ತುಂಬಿಕೊಂಡ. ಹಳೆಯ ತಗ್ಗುಗಳನ್ನು ಒಂದೊಂದಾಗಿ ಸುತ್ತಿಕೊಂಡು, ಅವಸರವಿಲ್ಲದೆ ಬರತೊಡಗಿದ. ಜನ ತಾವಾಗಿಯೇ ದಾರಿ ಬಿಟ್ಟರು.

ಮಾಳ ಉದ್ದವಾಗಿತ್ತು. ಕುಣಿಗೆ ಎಲ್ಲರಿಗಿಂತ ಹತ್ತಿರ ನಿಂತವನು ರೇವಣಪ್ಪನೇ. ಹಿಡಿದ ಮಣ್ಣನ್ನು ಹಾಕುವಂತಿಲ್ಲ, ತಹಶೀಲ್ದಾರರ ಮುಂದೆ ಚೆಲ್ಲುವಂತಿಲ್ಲ; ಅದು ಬಿಸಿಲಿಗೆ ಒಣಗಿ, ಬೆರಳ ಸಂದಿಯಿಂದ ಸಣ್ಣಗೆ, ಅವನ ಪಾಲಿಶ್ ಮಾಡಿದ ಬೂಟಿನ ಮೇಲೆ ಉದುರುತ್ತಿತ್ತು.